ಹೆಸರಿಗಷ್ಟೇ ಹೆಸರಾದವರ ಮಾತಿಗೆ ಬೆಲೆ ಕೊಡಬೇಕಾ? ಜೇಡ್ ಗೂಡಿ ನೆನಪಿನಲ್ಲಿ ಒಂದು ಚರ್ಚೆ

ದುರ್ಗದ_ಮೇಷ್ಟ್ರು:

ಹೋದ ವಾರ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಶುರುವಾದ ಜಗಳ ಇನ್ನೂ ತಲೆಯಿಂದ ಇಳಿದಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ. ವಾರ್ಷಿಕೋತ್ಸವಕ್ಕೆ ಅತಿಥಿ ಯಾರು ಅನ್ನೋ ಮಾತು ಬಂತು. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಬಯಲಾಟ ಕಲಿಸಿದ ಹಿರಿಯರೊಬ್ಬರನ್ನ ಕರೆಯೋಣ ಅಂದೆ. ವಿದ್ಯಾರ್ಥಿಗಳು ಟಿವಿ ರಿಯಾಲಿಟಿ ಶೋನಲ್ಲಿ ಕೆಲವು ವಾರ ಇದ್ದು ಬಂದ ಹುಡುಗಿಯೊಬ್ಬಳ ಹೆಸರು ಹಿಡಿದು ಕೂತರು. ಗೆದ್ದದ್ದು ಅವರೇ. "ಆಕೆ ಏನು ಮಾಡ್ತಾರಪ್ಪಾ?" ಅಂತ ಮೂರು ಜನರನ್ನ ಕೇಳಿದೆ. ಹಾಡ್ತಾರಾ, ಇಲ್ಲ. ನಟಿಸ್ತಾರಾ, ಇಲ್ಲ. ಕ್ರೀಡೆಯಾ, ಅದೂ ಇಲ್ಲ. "ಫೇಮಸ್ ಸರ್" ಅಂದ್ರು.

ಕಾರ್ಯಕ್ರಮದ ದಿನ ಮೈದಾನ ತುಂಬಿ ಕಾಂಪೌಂಡ್ ಗೋಡೆ ಮೇಲೂ ಜನ. ಆಕೆ ಹತ್ತೇ ನಿಮಿಷ ಮಾತಾಡಿದ್ದು. ಪಿಯುಸಿಯಲ್ಲಿ ಫೇಲಾದಾಗ ಮನೆ ಬಿಟ್ಟು ಹೋಗೋಣ ಅಂತ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿಂದ ಅಪ್ಪನಿಗೆ ಫೋನ್ ಮಾಡಿದ್ದನ್ನ ಹೇಳಿದ್ರು. ಒಂದು ಪಿಸುಮಾತಿಲ್ಲದ ಹಾಗೆ ಕೇಳಿದ್ರು ನಮ್ಮ ಮಕ್ಕಳು. ಫೇಲಾದ್ರೆ ಬದುಕು ಮುಗಿಯಲ್ಲ ಅಂತ ಹನ್ನೆರಡು ವರ್ಷದಿಂದ ನಾನೂ ಹೇಳ್ತಿದೀನಿ, ಹಾಗೆ ಯಾರೂ ಕಿವಿಗೊಟ್ಟಿದ್ದು ನಾನು ನೋಡಿಲ್ಲ.

ಅಮೆರಿಕದ ಇತಿಹಾಸಕಾರ ಡೇನಿಯಲ್ ಬೂರ್‌ಸ್ಟಿನ್ 1961ರಲ್ಲೇ ಇಂಥವರನ್ನ ಗುರುತಿಸಿದ್ರು. ಏನೋ ಸಾಧಿಸಿ ಹೆಸರಾದವರಲ್ಲ, ಹೆಸರಾಗಿದ್ದಾರೆ ಅನ್ನೋ ಕಾರಣಕ್ಕೇ ಹೆಸರಾದವರು. ಇಂಥವರ ಮಾತಿಗೆ ನಾವು ಬೆಲೆ ಕೊಡಬೇಕಾ? ಕೊಟ್ಟರೆ ಬಯಲಾಟದ ಹಿರಿಯರಿಗೆ ಅನ್ಯಾಯ. ಕೊಡದಿದ್ರೆ ಆ ದಿನ ನಾನು ಕಣ್ಣಾರೆ ಕಂಡದ್ದನ್ನ ಏನಂತ ಕರೀಲಿ?

ನೇರ_ಮಾತು:

ಕೊಡಬಾರದು. ಗಮನ ಅನ್ನೋದು ಊರಿನ ಕೆರೆ ನೀರಿದ್ದ ಹಾಗೆ ಸರ್. ಒಂದು ಕಡೆ ತೂಬು ತೆಗೆದ್ರೆ ಇನ್ನೊಂದು ಕಡೆ ಗದ್ದೆ ಒಣಗುತ್ತೆ. ನಿಮ್ಮ ಮಕ್ಕಳಿಗೆ ಬಯಲಾಟದ ಹಿರಿಯರ ಹೆಸರು ಇವತ್ತಿಗೂ ಗೊತ್ತಿಲ್ಲ, ಮುಂದೆ ಗೊತ್ತಾಗೋದೂ ಇಲ್ಲ. ಆಕೆ ಒಳ್ಳೇ ಮಾತಾಡಿರಬಹುದು, ಆದರೆ ಆ ಮಾತಿಗೆ ತೂಕ ಬಂದದ್ದು ಎಲ್ಲಿಂದ? ಟಿವಿಯವರು ಮನೆಯೊಳಗೆ ಕ್ಯಾಮೆರಾ ಇಟ್ಟದ್ದರಿಂದ. ನಾಳೆ ಅದೇ ಆಕೆ ಬೆಟ್ಟಿಂಗ್ ಆ್ಯಪ್ ಜಾಹೀರಾತಿಗೆ ಬಂದ್ರೂ ನಿಮ್ಮ ಮಕ್ಕಳು ಹೀಗೇ ಕೇಳ್ತಾರೆ.

ಲೆಸ್ಟರ್_ಕನ್ನಡತಿ:

ಮೇಷ್ಟ್ರೇ, ನಾನು ಮಂಡ್ಯದ ಕಡೆಯವಳು, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್. ನಿಮ್ಮ ಪ್ರಶ್ನೆ ಓದಿದ ಕೂಡಲೇ ನೆನಪಾದವಳು ಜೇಡ್ ಗೂಡಿ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ವಿವರವಾಗಿ ಬರೀತೀನಿ.

ಲಂಡನ್ನಿನ ಬರ್ಮಂಡ್ಸಿಯ ಬಡ ಮನೆಯ ಹುಡುಗಿ. ಅಪ್ಪ ಮಾದಕ ವ್ಯಸನಿ, ಜೈಲಿಗೆ ಹೋಗಿ ಬಂದವನು. ಅಮ್ಮನ ಒಂದು ಕೈ ಬೈಕ್ ಅಪಘಾತದಲ್ಲಿ ಸ್ವಾಧೀನ ತಪ್ಪಿತ್ತು. ಜೇಡ್ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡ್ತಿದ್ದಳು. 2002ರಲ್ಲಿ ಬ್ರಿಟನ್ನಿನ 'ಬಿಗ್ ಬ್ರದರ್' (ನಮ್ಮ ಬಿಗ್ ಬಾಸ್‌ನಂಥದ್ದೇ ಟಿವಿ ರಿಯಾಲಿಟಿ ಶೋ) ಮನೆಗೆ ಹೋದಳು. ಬ್ರೆಜಿಲ್ಲಿನ ರಿಯೋ ಡಿ ಜನೈರೋ ನಗರ ಅಂದ್ರೆ ಒಬ್ಬ ಮನುಷ್ಯನ ಹೆಸರು ಅಂದುಕೊಂಡಿದ್ದಳು. ತನ್ನದೇ ದೇಶದ ಈಸ್ಟ್ ಆಂಗ್ಲಿಯಾ ಪರದೇಶ ಅಂದುಕೊಂಡಿದ್ದಳು. ದೇಶಕ್ಕೆ ದೇಶವೇ ನಕ್ಕಿತು, ಪತ್ರಿಕೆಗಳು ಹಂದಿಗೆ ಹೋಲಿಸಿ ಬರೆದವು. ಗೆದ್ದದ್ದೂ ಇಲ್ಲ, ನಾಲ್ಕನೇ ಸ್ಥಾನ. ಆದರೆ ಹೊರಗೆ ಬಂದ ಮೇಲೆ ಹೆಸರು, ದುಡ್ಡು, ಸುಗಂಧ ದ್ರವ್ಯದ ಬ್ರ್ಯಾಂಡ್ ಎಲ್ಲ ಬಂತು. ಹೆಸರಿಗಷ್ಟೇ ಹೆಸರು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

2008ರ ಆಗಸ್ಟ್‌ನಲ್ಲಿ ನಮ್ಮ ಹಿಂದಿ 'ಬಿಗ್ ಬಾಸ್' ಎರಡನೇ ಸೀಸನ್ನಿಗೆ ಭಾರತಕ್ಕೆ ಬಂದಳು. ಹೊರಡೋ ಮುಂಚೆ ಪರೀಕ್ಷೆ ಮಾಡಿಸಿದ್ದಳು. ಮನೆಯೊಳಗೆ ಕಾಲಿಟ್ಟು ಎರಡು ದಿನ ಆಗಿತ್ತಷ್ಟೆ, ಕನ್ಫೆಷನ್ ರೂಮಿಗೆ ಕರೆದು ಫೋನಿನಲ್ಲಿ ಸುದ್ದಿ ಹೇಳಿದ್ರು. ಗರ್ಭಕಂಠದ ಕ್ಯಾನ್ಸರ್, ಅಂದ್ರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ವಾಪಸ್ ಹೋದಳು. 2009ರ ಫೆಬ್ರವರಿಗೆ ಇನ್ನು ಉಳಿಯೋದಿಲ್ಲ ಅಂತ ಗೊತ್ತಾಯ್ತು. ಅದೇ ತಿಂಗಳು 22ಕ್ಕೆ ಮದುವೆಯಾದಳು, ಅದರ ಫೋಟೋ ಹಕ್ಕು, ಟಿವಿ ಹಕ್ಕು ಮಾರಿದಳು. ಸಾವನ್ನೂ ಮಾರ್ತಿದಾಳೆ ಅಂತ ಬೈದವರುಂಟು. ನನ್ನ ಇಬ್ಬರು ಗಂಡುಮಕ್ಕಳ ಓದಿಗೆ ದುಡ್ಡು ಬೇಕು ಅಂತ ನೇರವಾಗಿ ಹೇಳಿದಳು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 22ಕ್ಕೆ ತೀರಿಕೊಂಡಳು. ಇಲ್ಲಿ ಅವತ್ತು ತಾಯಂದಿರ ಭಾನುವಾರ. ಅವಳಿಗೆ 27 ವರ್ಷ.

ಈಗ ನನ್ನ ಕಣ್ಣಿನ ಮುಂದೆ ನಡೆದದ್ದು. ನಾನಾಗ ಒಂದು ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ಮಿಯರ್ ಪರೀಕ್ಷೆ, ಅಂದ್ರೆ ಈ ಕ್ಯಾನ್ಸರಿನ ಸುಳಿವು ಮೊದಲೇ ಹಿಡಿಯೋಕೆ ಗರ್ಭಕಂಠದಿಂದ ಜೀವಕೋಶ ತೆಗೆಯೋ ಪರೀಕ್ಷೆ, ಮಾಡೋ ನರ್ಸ್. ಮಾಮೂಲಿ ದಿನಗಳಲ್ಲಿ ಹತ್ತು ಜನರಿಗೆ ಸಮಯ ಕೊಟ್ರೆ ಮೂರು ಜನ ಬರ್ತಾನೇ ಇರಲಿಲ್ಲ. ಆ ಮಾರ್ಚ್‌ನಲ್ಲಿ ಸಂಜೆ ಏಳರವರೆಗೆ ಕೂತರೂ ಮುಗೀತಿರಲಿಲ್ಲ. ನಲವತ್ತಾರು ವರ್ಷದ ಒಬ್ಬರು ಬಂದ್ರು. ಸೂಪರ್ ಮಾರ್ಕೆಟಿನ ಪ್ಲಾಸ್ಟಿಕ್ ಚೀಲದಿಂದ ಮೂರು ಲಕೋಟೆ ತೆಗೆದು ಮೇಜಿನ ಮೇಲಿಟ್ರು. ಮೂರೂ ನಾವೇ ಕಳಿಸಿದ ಕರೆಪತ್ರ, ಒಂದನ್ನೂ ಒಡೆದಿರಲಿಲ್ಲ. ಒಂಬತ್ತು ವರ್ಷದ್ದು. ಪರೀಕ್ಷೆ ಮುಗಿಸಿ ನಾನು ಬ್ರಷ್ಷನ್ನ ಪುಟ್ಟ ಬಾಟಲಿಯ ದ್ರವದಲ್ಲಿ ಅದ್ದಿ ತಿರುಗಿಸ್ತಿದ್ದಾಗ, "ಇಷ್ಟೇನಾ? ಇಷ್ಟು ಮಾಡಿಸಿದ್ರೆ ಆ ಹುಡುಗಿ ಬದುಕ್ತಿದ್ದಳಾ?" ಅಂತ ಕೇಳಿದ್ರು. ಹೌದು ಅಂತಲೂ ಹೇಳೋಕಾಗಲ್ಲ, ಇಲ್ಲ ಅಂತಲೂ ಹೇಳೋಕಾಗಲ್ಲ. ಬಾಟಲಿ ಮೇಲೆ ಅವರ ಹೆಸರಿನ ಚೀಟಿ ಅಂಟಿಸಿ ಸುಮ್ಮನಾದೆ.

ಆಮೇಲೆ ಲೆಕ್ಕ ಬಂತು. 2008ರ ನಡುವಿನಿಂದ 2009ರ ನಡುವಿನವರೆಗೆ ಇಂಗ್ಲೆಂಡಿನಲ್ಲಿ ನಿರೀಕ್ಷೆಗಿಂತ ಸುಮಾರು ಐದು ಲಕ್ಷ ಹೆಚ್ಚು ಹೆಂಗಸರು ಪರೀಕ್ಷೆಗೆ ಬಂದಿದ್ರು. ಆ ಮಾರ್ಚ್ ಒಂದೇ ತಿಂಗಳು ನಿರೀಕ್ಷೆಗಿಂತ ಶೇ. 70 ಹೆಚ್ಚು. ಇಲ್ಲಿ ಅದಕ್ಕೆ 'ಜೇಡ್ ಗೂಡಿ ಪರಿಣಾಮ' ಅಂತಲೇ ಹೆಸರು. ನಾವು ಸರ್ಕಾರದ ಪತ್ರ ಕಳಿಸಿ ಕಳಿಸಿ ಸೋತ ಕೆಲಸ ಅದು.

ಕುಡ್ಲದ_ಓದುಗ:

ಮೇಡಂ, ನೀವು 2007 ಬಿಟ್ಟಿರಿ, ನಾನು ಬಿಡುವುದಿಲ್ಲ. ಅವಳು ಅವಮಾನ ಮಾಡಿದ್ದು ನಮ್ಮ ಊರಿನ ಹುಡುಗಿಗೆ ಮಾರಾಯ್ರೆ. ಶಿಲ್ಪಾ ಶೆಟ್ಟಿ ಹುಟ್ಟಿದ್ದು ಮಂಗಳೂರಿನಲ್ಲಿ, ತುಳು ಮಾತಾಡುವ ಮನೆ. 2007ರ ಜನವರಿಯಲ್ಲಿ 'ಸೆಲೆಬ್ರಿಟಿ ಬಿಗ್ ಬ್ರದರ್' ಮನೆಯೊಳಗೆ ಸಾರಿಗೆ ಹಾಕುವ ಒಂದು ಮಸಾಲೆ ತುಂಡಿನ ವಿಷಯಕ್ಕೆ ಶುರುವಾದ ಜಗಳ. ಜೇಡ್ ಮತ್ತು ಇನ್ನಿಬ್ಬರು ಸೇರಿ ಆಕೆಯ ಉಚ್ಚಾರ, ಅಡುಗೆ, ಹೆಸರು ಎಲ್ಲ ಹಿಡಿದು ಆಡಿಕೊಂಡದ್ದು. ಹೆಸರಿನ ಜಾಗದಲ್ಲಿ ಹಪ್ಪಳ ಅಂತ ಕರೆದದ್ದು. ನಮ್ಮ ಮನೆಯಲ್ಲಿ ಅಜ್ಜಿ ಸುದ್ದಿ ನೋಡಿ ಊಟ ಬಿಟ್ಟು ಎದ್ದಿದ್ದರು. ಬ್ರಿಟನ್ನಿನ ಪ್ರಸಾರ ನಿಯಂತ್ರಕರಿಗೆ 44 ಸಾವಿರಕ್ಕೂ ಹೆಚ್ಚು ದೂರು ಹೋಯಿತು. ಆಗಿನ ಅವರ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಅದೇ ವಾರ ಬೆಂಗಳೂರಿಗೆ ಬಂದಿದ್ದರು. ವ್ಯಾಪಾರದ ಮಾತಿಗೆ ಬಂದವರಿಗೆ ಇಲ್ಲಿ ಕೇಳಿದ್ದು ಇದೇ ಪ್ರಶ್ನೆ.

ನಾನು ಹೇಳುವುದು ಏನೆಂದರೆ, ಗಂಭೀರವಾಗಿ ತೆಗೆದುಕೊಳ್ಳುವುದು ಅಂದ್ರೆ ಶಾಲು ಹೊದೆಸುವುದು ಮಾತ್ರ ಅಲ್ಲ, ಲೆಕ್ಕ ಕೇಳುವುದೂ ಹೌದು. "ಅಯ್ಯೋ, ತಲೆ ಇಲ್ಲದ ಹುಡುಗಿ, ಬಿಡಿ" ಅಂತ ಯಾರೂ ಬಿಡಲಿಲ್ಲ ಆವತ್ತು. ಅವಳ ಸುಗಂಧ ದ್ರವ್ಯ ಅಂಗಡಿಯಿಂದ ತೆಗೆದರು. ಜನರ ಓಟಿನಲ್ಲಿ ಅವಳು ಹೊರಗೆ, ಶಿಲ್ಪಾ ಗೆದ್ದದ್ದು. ಮತ್ತೆ ಒಂದು ವಿಷಯ ಹೇಳಲೇಬೇಕು. ಮರುವರ್ಷ ಜೇಡ್ ಬಂದ ಬಿಗ್ ಬಾಸಿನ ನಿರೂಪಕಿ ಅದೇ ಶಿಲ್ಪಾ. ಕ್ಷಮೆ ಕೇಳಿದವಳಿಗೆ ಬಾಗಿಲು ತೆರೆದಳು ನಮ್ಮ ಹುಡುಗಿ. ಆ ಮನೆಯಲ್ಲೇ ಅವಳಿಗೆ ಕಾಯಿಲೆಯ ಸುದ್ದಿ ಬಂದದ್ದು ನೆನೆದರೆ ಈಗಲೂ ನನಗೆ ಒಂಥರ ಆಗ್ತದೆ.

ಲೆಸ್ಟರ್_ಕನ್ನಡತಿ:

ನೀವು ಹೇಳಿದ್ದು ಸರಿ, ನಾನು ಬಿಡಬಾರದಿತ್ತು. ಆ ವಾರ ನಾನೂ ಕೆಲಸಕ್ಕೆ ಬಸ್ಸಿನಲ್ಲಿ ಹೋಗುವಾಗ ತಲೆ ತಗ್ಗಿಸಿ ಕೂತಿದ್ದೆ. ನನ್ನ ಉಚ್ಚಾರವನ್ನೂ ಹಿಂದಿನಿಂದ ಆಡಿಕೊಂಡವರಿದ್ರು. ಎರಡು ವರ್ಷ ಆದಮೇಲೆ ಅದೇ ಜೇಡ್ ಹೆಸರು ಹೇಳಿಕೊಂಡು ಬಂದ ಹೆಂಗಸರ ಪರೀಕ್ಷೆ ಮಾಡಿದ್ದೂ ನಾನೇ. ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಿದೆ ಅಂತ ಹೇಳಲ್ಲ. ಎರಡೂ ನನ್ನೊಳಗೆ ಇದಾವೆ.

ನೇರ_ಮಾತು:

ಐದು ಲಕ್ಷ ಅನ್ನೋದು ದೊಡ್ಡದೇ, ಒಪ್ಪಿದೆ. ಆದರೆ ಎರಡು ಪ್ರಶ್ನೆ. ಒಂದು, ಆ ಭರಾಟೆ ಎಷ್ಟು ದಿನ ಇತ್ತು? ಎರಡು, 2024ರಲ್ಲಿ ನಮ್ಮಲ್ಲಿ ಏನಾಯ್ತು? ಫೆಬ್ರವರಿ 2ಕ್ಕೆ ಮಾಡೆಲ್, ನಟಿ ಪೂನಂ ಪಾಂಡೆ ಅವರ ಇನ್‌ಸ್ಟಾಗ್ರಾಂ ಖಾತೆಯಲ್ಲಿ, ಆಕೆ ಇದೇ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡರು ಅಂತ ಬಂತು. ಮರುದಿನ ಅವರೇ ವಿಡಿಯೋದಲ್ಲಿ ಬಂದು, ಬದುಕಿದೀನಿ, ಜಾಗೃತಿಗಾಗಿ ಮಾಡಿದೆ ಅಂದ್ರು. 2011ರ ವಿಶ್ವಕಪ್ ಹೊತ್ತಿನ ಒಂದು ಹೇಳಿಕೆಯಿಂದ ಹೆಸರಾದವರು ಅವರು. ಪೋಸ್ಟ್ ಬರೋ ಹಿಂದಿನ ದಿನವಷ್ಟೇ ಕೇಂದ್ರ ಬಜೆಟ್‌ನಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಇದೇ ಕ್ಯಾನ್ಸರ್ ತಡೆಯೋ ಲಸಿಕೆಗೆ ಪ್ರೋತ್ಸಾಹ ಅಂತ ಹೇಳಿದ್ರು. ಊರೆಲ್ಲ ಮಾತಾಡಬೇಕಾದದ್ದು ಲಸಿಕೆ ಬಗ್ಗೆ, ಮಾತಾಡಿದ್ದು ಸಾವು ನಿಜವೋ ಸುಳ್ಳೋ ಅಂತ. ನನ್ನ ಚಿಕ್ಕಮ್ಮ ಈ ಕಾಯಿಲೆಯಿಂದಲೇ ಹೋದರು. ಆ ದಿನ ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಅವರ ಮಗಳು ಏನೂ ಬರೀದೆ ಹೊರಗೆ ಹೋದಳು. ಇದನ್ನೂ 'ಪರಿಣಾಮ' ಅನ್ನಬೇಕಾ?

ಸಾಧನಕೇರಿ_ಸಂಜೆ:

ನೇರ_ಮಾತು ಅವರ ನೋವು ಅರ್ಥ ಆಗ್ತದ. ಆದ್ರ ಆ ಎರಡನ್ನೂ ಒಂದ ತಕ್ಕಡಿಯೊಳಗ ಹಾಕಬ್ಯಾಡ್ರಿ. ಜೇಡ್‌ಗೆ ಕಾಯಿಲೆ ಖರೇನ ಆಗಿತ್ತು. ಕೂದಲು ಉದುರಿದ್ದು, ಮುಖ ಸೊರಗಿದ್ದು ಜನ ವಾರ ವಾರ ನೋಡಿದ್ರು. ಆಕಿ ಬುದ್ಧಿ ಹೇಳಾಕ ಬಂದಿರಲಿಲ್ಲ, ಆಕಿಗೆ ಆದದ್ದನ್ನ ಜನ ನೋಡಿ ತಾವ ಎದ್ದು ಹೋದ್ರು. ಏಳು ವರ್ಷ ಪರಿಚಯ ಇದ್ದ ಪಕ್ಕದ ಮನಿ ಹುಡುಗಿ ಆಗಿದ್ದಳು ಆಕಿ. ದೊಡ್ಡ ನಟಿಗೆ ಆಗಿದ್ರ 'ಅಯ್ಯೋ ಪಾಪ' ಅಂತಿದ್ರು. ಈಕಿಗೆ ಆದಾಗ 'ನನಗೂ ಆಗಬಹುದು' ಅಂದ್ರು. ಸಾಧನೆ ಇಲ್ಲದ ಹೆಸರಿನ ಬಲ ಇದ್ದದ್ದ ಅಲ್ಲಿ ಅಂತ ನನಗನಸ್ತದ.

ಇನ್ನೊಂದು ಉದಾಹರಣೆ ನೋಡ್ರಿ. ಅಮೆರಿಕದ ಕಿಮ್ ಕಾರ್ಡಾಶಿಯನ್. 2007ರಿಂದ ತಮ್ಮ ಮನಿಯ ಜಗಳ, ಮದುವಿ, ಬಟ್ಟಿ ತೋರಿಸಿಕೊಂತ ಬಂದ ಟಿವಿ ಮನೆತನ. 2018ರಲ್ಲಿ ಆಕಿ ಅಧ್ಯಕ್ಷ ಟ್ರಂಪ್ ಹತ್ರ ಹೋಗಿ ಆಲಿಸ್ ಜಾನ್ಸನ್ ಅನ್ನೋ ಅಜ್ಜಿ ಪರವಾಗಿ ಕೇಳಿದ್ರು. ಹಿಂಸೆ ಇಲ್ಲದ ಮಾದಕ ವಸ್ತು ಪ್ರಕರಣದಾಗ ಜೀವಾವಧಿ ಶಿಕ್ಷೆ ಆಗಿ, ಇಪ್ಪತ್ತು ವರ್ಷದ ಮ್ಯಾಲೆ ಒಳಗಿದ್ದ ಹೆಣ್ಮಗಳು. ಒಂದು ವಾರದೊಳಗ ಬಿಡುಗಡೆ ಆಯ್ತು. 2022ರಾಗ ಅದ ಕಿಮ್ ಒಂದು ಕ್ರಿಪ್ಟೊ ಟೋಕನ್ ಬಗ್ಗೆ ಪೋಸ್ಟ್ ಹಾಕಲಿಕ್ಕೆ ಎರಡೂವರೆ ಲಕ್ಷ ಡಾಲರ್ ತೊಗೊಂಡದ್ದನ್ನ ಹೇಳಿರಲಿಲ್ಲ ಅಂತ ಅಲ್ಲಿಯ ಷೇರುಪೇಟೆ ನಿಯಂತ್ರಕರು ಕೇಸು ಹಾಕಿದ್ರು, 12.6 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡ್ರು. ಒಬ್ಬಾಕಿ, ಒಂದ ಹೆಸರು. ಹಿಂಗಾಗಿ ಮನುಷ್ಯಾರನ್ನ ನೋಡಿ ಮರ್ಯಾದಿ ಕೊಡೂದು ಬಿಡೂದು ಅಲ್ಲ, ಪ್ರತಿ ಸಲ ಏನು ಹೇಳಾಕತ್ತಾರ, ಯಾರ ದುಡ್ಡಿಗೆ ಹೇಳಾಕತ್ತಾರ ಅಂತ ನೋಡಬೇಕು. ಕುಡ್ಲದವರು ಲೆಕ್ಕ ಕೇಳೋದು ಅಂದ್ರಲ್ಲ, ಅದು.

ಹಿಂದಿನ_ಬೆಂಚು:

ನಾನು ಬಿಕಾಂ ಓದ್ತಿದೀನಿ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ನಮ್ಮ ಕಾಲೇಜಿನಲ್ಲೂ ಇಂಥದ್ದೇ ಆಗಿದ್ದು, ಓಟು ಹಾಕಿದವರಲ್ಲಿ ನಾನೂ ಒಬ್ಬಳು. ಸಾಧಕರನ್ನ ಕರೆದಾಗ ಅವರು ಮೆಟ್ಟಿಲ ಮೇಲೆ ನಿಂತು ಮಾತಾಡಿದ ಹಾಗೆ ಇರುತ್ತೆ. ನಾವು ಅಷ್ಟು ಮೇಲೆ ಹೋಗಲ್ಲ ಅಂತ ನಮಗೆ ಗೊತ್ತು. ರಿಯಾಲಿಟಿ ಶೋದವರು ಅಡುಗೆ ಮನೆಯಲ್ಲಿ ಪಾತ್ರೆ ತೊಳೀತಾ ಅತ್ತಿದ್ದನ್ನ ನೋಡಿರ್ತೀವಿ, ತಪ್ಪು ಮಾಡಿ ವಾರಾಂತ್ಯದಲ್ಲಿ ಎಲ್ಲರ ಮುಂದೆ ಬೈಸಿಕೊಂಡದ್ದನ್ನೂ ನೋಡಿರ್ತೀವಿ. ಅವರು ಸೋತೆ ಅಂದ್ರೆ ನಂಬ್ತೀವಿ. ಬಯಲಾಟದ ಹಿರಿಯರೂ ಬಂದು ಭಾಷಣ ಮಾಡದೆ, ಬಣ್ಣ ಹಚ್ಚೋದು ತೋರಿಸಿದ್ದಿದ್ರೆ ನಾನಂತೂ ಮುಂದಿನ ಸಾಲಿನಲ್ಲಿ ಕೂರ್ತಿದ್ದೆ.

ಲೆಸ್ಟರ್_ಕನ್ನಡತಿ:

ನೇರ_ಮಾತು ಅವರೇ, ನಿಮ್ಮ ಚಿಕ್ಕಮ್ಮನ ವಿಷಯ ಓದಿ ಸಂಕಟ ಆಯ್ತು. ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ: ಭರಾಟೆ ಬಹಳ ದಿನ ನಿಲ್ಲಲಿಲ್ಲ. ವರ್ಷ ಕಳೆಯೋದರೊಳಗೆ ಸಂಖ್ಯೆ ಮಾಮೂಲಿಗೆ ಬಂತು, ಮುಂದೆ ಅದಕ್ಕಿಂತ ಕೆಳಗೂ ಹೋಯ್ತು. ಆದರೆ ಆ ವರ್ಷ ಬಂದವರಲ್ಲಿ ನಮ್ಮ ಪ್ಲಾಸ್ಟಿಕ್ ಚೀಲದವರ ಹಾಗೆ ವರ್ಷಗಟ್ಟಲೆ ತಪ್ಪಿಸಿಕೊಂಡವರೂ ಬಹಳ ಜನ ಇದ್ರು. ಅವರಿಗೆ ಆ ಒಂದು ಸಲವೇ ಮುಖ್ಯ. ಇನ್ನೊಂದು ಮಾತು, ಇಲ್ಲಿ ಪರೀಕ್ಷೆಗೆ ದುಡ್ಡಿಲ್ಲ, ಆಗ ಮನೆಗೇ ಪತ್ರ ಬರ್ತಿತ್ತು, ನಡೆದು ಹೋಗೋ ದೂರದಲ್ಲಿ ಕ್ಲಿನಿಕ್ಕು, ಮಾಡೋದು ಸಾಮಾನ್ಯವಾಗಿ ಹೆಂಗಸೇ. ಜೇಡ್ ಸುದ್ದಿ ಕೇಳಿ ಎದ್ದು ಹೊರಟವರಿಗೆ ಹೋಗೋಕೆ ಒಂದು ಜಾಗ ಇತ್ತು.

ಕೊಪ್ಪಳ_ಸಿಸ್ಟರ್:

ಲೆಸ್ಟರ್ ಅಕ್ಕಾರ ಕಡೀ ಸಾಲು ಓದಿ ಬರೀಬೇಕು ಅನಿಸ್ತು. ನಾ ಪಿಎಚ್‌ಸಿಯೊಳಗ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟಾಫ್ ನರ್ಸ್ ಅದೀನ್ರಿ. ನಮ್ಮ ದೇಶದಾಗ ವರ್ಷಕ್ಕ ಒಂದು ಲಕ್ಷದ ಮ್ಯಾಲೆ ಹೆಣ್ಮಕ್ಕಳಿಗೆ ಈ ಬ್ಯಾನಿ ಹೊಸದಾಗಿ ಬರ್ತದ, ಎಪ್ಪತ್ತು ಸಾವಿರದ ಮ್ಯಾಲೆ ಸಾಯ್ತಾರ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಒಮ್ಮೆ ಆದ್ರೂ ಇದರ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕ ಎರಡು ಮಂದಿನೂ ಇಲ್ಲ.

ಆ ಸುಳ್ಳು ಸಾವಿನ ಸುದ್ದಿ ಬಂದಾಗ ನಮ್ಮಲ್ಲಿ ಏನಾತು ಹೇಳ್ತೀನಿ. ಶುಕ್ರವಾರ ಸಂಜಿ ನಮ್ಮ ಆಶಾ ಕಾರ್ಯಕರ್ತೆಗೆ ಇಬ್ಬರು ಫೋನ್ ಮಾಡಿ "ಬಿಳಿ ಮುಟ್ಟು ಭಾಳ ಹೊಂಟೈತಿ, ಅದೂ ಇದ ಬ್ಯಾನಿ ಏನು?" ಅಂತ ಕೇಳಿದ್ರಂತ. ಅಂಥಾ ಫೋನು ಆಕಿಗೆ ಹಿಂದ ಯಾವತ್ತೂ ಬಂದಿರಲಿಲ್ಲ. ಸೋಮವಾರ ಬರ್ರಿ ಅಂದಿದ್ದಳು. ಸೋಮವಾರ ಬಂದಾಕಿ ಒಬ್ಬಾಕಿ. ಇನ್ನೊಬ್ಬಾಕಿಗೆ ನಾನ ಫೋನ್ ಮಾಡಿದೆ. "ಅದು ಸುಳ್ಳಂತಲ್ರಿ ಸಿಸ್ಟರ್" ಅಂದಳು. ಹೀರೋಯಿನ್ ಸತ್ತದ್ದು ಸುಳ್ಳು ಅಂತ ಅಲ್ರಿ, ಬ್ಯಾನಿನ ಸುಳ್ಳು ಅಂತ ಆಕಿ ತಿಳಕೊಂಡಿದ್ದಳು. ಅರ್ಧ ತಾಸು ಕೂತು ತಿಳಿಸಿ ಹೇಳಿದೆ. ಹೊಲದಾಗ ಕಡ್ಲಿ ಕೀಳೂದು ಐತಿ, ಮುಗಿಸಿ ಬರ್ತೀನಿ ಅಂದಳು. ಬರಲಿಲ್ಲ.

ಅದಕ್ಕ ನನ್ನ ಮಟ್ಟಿಗೆ ಇಂಥವರ ಮಾತನ್ನ ಹಗುರ ತಗೊಳ್ಳಾಕ ಆಗಂಗಿಲ್ಲ. ಹಗುರ ತೊಗೊಂಡ್ರ ಅವರು ಮುಂದಿನ ಸಲನೂ ಹಗುರ ಮಾತಾಡ್ತಾರ. ಆ ಶುಕ್ರವಾರದ ಎರಡು ಫೋನ್ ನನಗ ಬೇಕು, ಸೋಮವಾರದ ಸುಳ್ಳು ಬ್ಯಾಡ.

ದುರ್ಗದ_ಮೇಷ್ಟ್ರು:

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ನಾನು ಕೇಳಿದ್ದು ಅರ್ಹತೆ ಪ್ರಶ್ನೆ, ಯಾರಿಗೆ ವೇದಿಕೆ ಸಲ್ಲಬೇಕು ಅಂತ. ನೀವೆಲ್ಲ ಹೇಳ್ತಿರೋದು ಬೇರೆ. ವೇದಿಕೆ ಅವರಿಗೆ ಈಗಾಗಲೇ ಸಿಕ್ಕಿದೆ, ನಮ್ಮ ಒಪ್ಪಿಗೆ ಯಾರೂ ಕೇಳಲಿಲ್ಲ. ಅಲ್ಲಿ ನಿಂತು ಹೇಳಿದ್ದಕ್ಕೆ ಅವರನ್ನ ಹೊಣೆ ಮಾಡ್ತೀವಾ, ಕೇಳಿ ಎದ್ದವರಿಗೆ ಜಾಗ ಇಟ್ಟಿದೀವಾ ಅಂತ. ನಮ್ಮ ಕಾರ್ಯಕ್ರಮದಲ್ಲಿ ಆ ಹುಡುಗಿ ಮಾತು ಮುಗಿಸಿ ಹೋದ ಮೇಲೆ, ಹಿಂದೆ ನಿಂತಿದ್ದ ದ್ವಿತೀಯ ಪಿಯುಸಿ ಹುಡುಗನೊಬ್ಬ ನನ್ನ ಹತ್ರ ಬಂದು "ಸರ್, ಒಂದು ಮಾತು" ಅಂದ. ಫೋಟೋ ತೆಗೆಸೋ ಗಲಾಟೆಯಲ್ಲಿದ್ದೆ. ಆಮೇಲೆ ಬಾ ಅಂದೆ. ಇದನ್ನ ಮೊದಲ ಪೋಸ್ಟಿನಲ್ಲಿ ನಾನು ಬರೆದಿರಲಿಲ್ಲ. ಸೋಮವಾರ ಅವನನ್ನ ಹುಡುಕ್ತೀನಿ.

ನೇರ_ಮಾತು:

ಸೋಮವಾರದ ತನಕ ಕಾಯಬೇಡಿ ಸರ್. ಹಾಜರಿ ಪುಸ್ತಕದಲ್ಲಿ ಅಪ್ಪನ ನಂಬರ್ ಇರುತ್ತೆ, ಇವತ್ತೇ ಮಾಡಿ. ಉಳಿದಂತೆ, ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಬಯಲಾಟದವರನ್ನೂ ಕರೆಯಿರಿ.

ಹಿಂದಿನ_ಬೆಂಚು:

ಕೊಪ್ಪಳದ ಸಿಸ್ಟರ್, ನಿಮ್ಮನ್ನ ಒಂದು ಕೇಳಬೇಕು. ಜೇಡ್ ಕಥೆಯನ್ನ ರಾತ್ರಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮನಿಗೆ ಐವತ್ತೆರಡು. ಮುಟ್ಟು ನಿಂತು ಎರಡು ವರ್ಷ ಆಯ್ತು. ಹೋದ ತಿಂಗಳು ಎರಡು ಸಲ ರಕ್ತ ಕಂಡಿದೆ, ಉಷ್ಣಕ್ಕೆ ಇರಬೇಕು ಅಂತ ಸುಮ್ಮನಿದ್ರಂತೆ. ನನಗೆ ಹೇಳಿದ್ದು ನಿನ್ನೆ. ನಮ್ಮೂರ ಆರೋಗ್ಯ ಕೇಂದ್ರದಲ್ಲೇ ಈ ಪರೀಕ್ಷೆ ಮಾಡ್ತಾರಾ?

ಕೊಪ್ಪಳ_ಸಿಸ್ಟರ್:

ತಂಗಿ, ಆರೋಗ್ಯ ಕೇಂದ್ರದಾಗ 30ರಿಂದ 65 ವರ್ಷದವರಿಗೆ ಗರ್ಭಕೋಶದ ಬಾಯಿಗೆ ಅಸೆಟಿಕ್ ಆಸಿಡ್ (ವಿನೆಗರ್‌ನಂಥ ತೆಳು ದ್ರವ) ಹಚ್ಚಿ ನೋಡೋ ಪರೀಕ್ಷೆ ಮಾಡ್ತಾರ. ಅದು ಏನೂ ತೊಂದರಿ ಇಲ್ಲದವರಿಗೆ. ಮುಟ್ಟು ನಿಂತ ಮ್ಯಾಲೆ ರಕ್ತ ಕಂಡ್ರ ಅಲ್ಲಿ ಹೊತ್ತು ಕಳೀಬ್ಯಾಡ, ಸೀದಾ ತಾಲ್ಲೂಕು ಇಲ್ಲಾ ಜಿಲ್ಲಾ ಆಸ್ಪತ್ರೆಯ ಹೆರಿಗೆ, ಹೆಣ್ಮಕ್ಕಳ ಬ್ಯಾನಿ ನೋಡೋ ಡಾಕ್ಟರ ಹತ್ರ ಕರಕೊಂಡು ಹೋಗು. ಎಲ್ಲರಿಗೂ ಕ್ಯಾನ್ಸರ್ ಇರಂಗಿಲ್ಲ, ಹೆದರಬ್ಯಾಡ. ಆದ್ರ ನೋಡಿಸಲೇಬೇಕು, ಈ ವಾರನ. ಯಾವ ಯಾವ ದಿನ ಕಂಡಿತ್ತು ಅಂತ ಅಮ್ಮನ ಕೇಳಿ ಒಂದು ಚೀಟಿಯೊಳಗ ಬರಕೋ, ಡಾಕ್ಟರ್ ಮೊದಲು ಕೇಳೂದ ಅದನ್ನ. ಚೂಡಿದಾರ ಬ್ಯಾಡ, ಸೀರಿ ಲಂಗ ಉಟ್ಟುಕೊಂಡು ಬರಾಕ ಹೇಳು, ಪರೀಕ್ಷಾ ಮಾಡುವಾಗ ಅಮ್ಮಗ ಸಂಕೋಚ ಕಡಿಮಿ ಆಗ್ತದ.